ಕೋಡ್ 42: ಸೆನ್ಸರ್ ಬದಲಿಸುವ ಮುಂಚೆ ಪಲ್ಸ್ ಎಲ್ಲಿ ನಿಂತಿದೆ ನೋಡಿ

ಗೆಳೆಯನ ಕಾರಿನ ಡಿಕ್ಕಿಯಲ್ಲಿ ಒಂದು ರಟ್ಟಿನ ಡಬ್ಬಿ ಇತ್ತು. ಅದರೊಳಗೆ ಎರಡು ಸ್ಪೀಡ್ ಸೆನ್ಸರ್. ಒಂದು ಕಾರಿನ ಜೊತೆಗೇ ಜಪಾನಿನಿಂದ ಬಂದದ್ದು. ಇನ್ನೊಂದು ಅದರ ಬದಲಿಗೆ ಹಾಕಿಸಿ, ಆರು ವಾರಕ್ಕೇ ತೆಗೆಸಿದ್ದು. ಮೂರನೆಯದು ಗೇರ್‌ಬಾಕ್ಸಿನಲ್ಲಿ ಕೂತಿತ್ತು. ಆದರೂ ಮನೆಯಿಂದ ಹೊರಟ ಇಪ್ಪತ್ತು ನಿಮಿಷಕ್ಕೆ ಸ್ಪೀಡೋಮೀಟರಿನ ಮುಳ್ಳು ಸೊನ್ನೆಗೆ ಬಿದ್ದುಬಿಡುತ್ತಿತ್ತು. ಸ್ವಲ್ಪ ಹೊತ್ತಿಗೆ ಚೆಕ್ ಎಂಜಿನ್ ದೀಪ ಹತ್ತುತ್ತಿತ್ತು. ಸಿಗ್ನಲ್ ಹತ್ತಿರ ಬ್ರೇಕ್ ಒತ್ತಿಕೊಂಡು ಬಂದರೆ ಒಂದೊಂದು ಸಲ ಎಂಜಿನ್ನೇ ಆಫ್ ಆಗುತ್ತಿತ್ತು.

"ನಾಲ್ಕನೇದು ತರಿಸಿಬಿಡ್ಲಾ ಮಾರಾಯ? ಈ ಸಲ ಒರಿಜಿನಲ್ಲೇ ತರಿಸ್ತೀನಿ" ಅಂದ.

ಬೇಡ, ಮೊದಲು ಒಂದು ಭಾನುವಾರ ಬಿಡುವು ಮಾಡಿಕೋ ಅಂದೆ. ಆ ಭಾನುವಾರ ಕಂಡದ್ದನ್ನು ಇಟ್ಟುಕೊಂಡೇ ಈ ಲೇಖನ ಬರೆಯುತ್ತಿದ್ದೇನೆ. ಹೊರದೇಶದಿಂದ ತರಿಸಿದ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಇದೇ ತಪ್ಪು ಮತ್ತೆ ಮತ್ತೆ ಆಗುವುದನ್ನು ನೋಡಿದ್ದೇನೆ. ಚೆಕ್ ಎಂಜಿನ್ ದೀಪ ಹತ್ತಿದಾಗ ದೂರು ಏನೆಂದು ಹೇಳುವ ಸಂಖ್ಯೆಯನ್ನು, ಅಂದರೆ ಕೋಡನ್ನು, ಓದುತ್ತಾರೆ, ಅದರಲ್ಲಿ "ಸ್ಪೀಡ್ ಸೆನ್ಸರ್" ಎಂಬ ಹೆಸರು ಕಾಣುತ್ತದೆ, ಸೆನ್ಸರ್ ಬದಲಿಸುತ್ತಾರೆ. ಆದರೆ ಆ ಕೋಡ್ ಹೇಳುವುದು ಸೆನ್ಸರ್ ಕೆಟ್ಟಿದೆ ಅಂತಲ್ಲ. ಎಂಜಿನ್ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ವೇಗದ ಸುದ್ದಿ ಬಂದು ಮುಟ್ಟಲಿಲ್ಲ ಅಂತ. ಕಾಲುವೆಯ ಕೊನೆಯ ಗದ್ದೆಗೆ ನೀರು ಬರದಿದ್ದರೆ ಯಾರೂ ನೇರವಾಗಿ ಅಣೆಕಟ್ಟಿನ ಗೇಟು ಬದಲಿಸಲು ಹೋಗುವುದಿಲ್ಲ. ಏರಿ ಹಿಡಿದು ನಡೆಯುತ್ತಾರೆ, ನೀರು ಎಲ್ಲಿಯವರೆಗೆ ಬಂದಿದೆ ನೋಡುತ್ತಾರೆ.

ಕಾರು 1994ರ ಟೊಯೋಟಾ ಸುಪ್ರಾ, ಜೆಝಡ್‌ಎ80 ಪೀಳಿಗೆಯದು. ಮೂರು ಲೀಟರಿನ ಆರು ಸಿಲಿಂಡರ್, ಎರಡು ಟರ್ಬೊ, ಮ್ಯಾನ್ಯುಯಲ್ ಗೇರ್. ಜಪಾನಿನೊಳಗೆ ಮಾರಾಟಕ್ಕೆಂದು ತಯಾರಾಗಿ, ಅಲ್ಲಿ ಕೆಲವು ವರ್ಷ ಓಡಿ, ಸೆಕೆಂಡ್ ಹ್ಯಾಂಡ್ ಆಗಿ ಹಡಗೇರಿ ಇಂಗ್ಲೆಂಡಿಗೆ ಬಂದದ್ದು. ಎರಡೂ ದೇಶಗಳಲ್ಲಿ ನಮ್ಮ ಹಾಗೆಯೇ ರಸ್ತೆಯ ಎಡಕ್ಕೆ ಓಡಿಸುತ್ತಾರೆ, ಸ್ಟಿಯರಿಂಗ್ ಬಲಕ್ಕಿರುತ್ತದೆ. ಹಾಗಾಗಿ ಇಂಥ ಕಾರುಗಳು ಬ್ರಿಟನ್ನಿಗೆ ತುಂಬಾ ಬಂದಿವೆ. ಆದರೆ ಒಂದು ವಿಷಯದಲ್ಲಿ ಎರಡು ದೇಶಗಳಿಗೂ ಹೊಂದುವುದಿಲ್ಲ. ಜಪಾನಿನದು ಕಿಲೋಮೀಟರ್, ಬ್ರಿಟನ್ನಿನದು ಮೈಲಿ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಇದೇ ಕೆಲಸಕ್ಕೆ ಬರುತ್ತದೆ.

ಸುದ್ದಿ ಹೋಗುವ ದಾರಿ

ಹಳೆಯ ಬಜಾಜ್ ಸ್ಕೂಟರ್ ಓಡಿಸಿದವರಿಗೆ ಸ್ಪೀಡೋಮೀಟರ್ ಕೇಬಲ್ ಗೊತ್ತು. ಚಕ್ರದ ಹತ್ತಿರ ಒಂದು ಪುಟ್ಟ ಹಲ್ಲುಚಕ್ರ, ಅಲ್ಲಿಂದ ಮೀಟರಿನವರೆಗೆ ಕೊಳವೆಯೊಳಗೆ ತಿರುಗುವ ಉಕ್ಕಿನ ಹುರಿ. ಹುರಿ ತುಂಡಾದರೆ ಮುಳ್ಳು ಸತ್ತಿತು. ಸುಪ್ರಾದಲ್ಲಿ ಹುರಿಯ ಬದಲು ವಿದ್ಯುತ್ ಇದೆ, ಉಳಿದ ಯೋಚನೆ ಅದೇ.

ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಶಾಫ್ಟ್ ತಿರುಗಿದಾಗ ಅದರ ಜೊತೆ ಒಂದು ಸಣ್ಣ ಗೇರ್ ತಿರುಗುತ್ತದೆ. ಅದರ ತುದಿಯಲ್ಲಿ ಸೆನ್ಸರ್ ಕೂತಿದೆ. ಸೆನ್ಸರಿಗೆ ಮೂರು ವೈರು: 12 ವೋಲ್ಟ್, ಅರ್ತ್, ಸಿಗ್ನಲ್. ಸೆನ್ಸರಿನ ಕಡ್ಡಿ ಒಂದು ಸುತ್ತು ಬಂದರೆ ಸಿಗ್ನಲ್ ವೈರಿನಲ್ಲಿ ವೋಲ್ಟೇಜ್ ನಾಲ್ಕು ಸಲ ಏರಿ ನಾಲ್ಕು ಸಲ ಇಳಿಯುತ್ತದೆ. ಈ ಒಂದೊಂದು ಏರಿಳಿತವೇ ಪಲ್ಸ್. ಜಪಾನಿನ ಕೈಗಾರಿಕಾ ಮಾನದಂಡದ ಪ್ರಕಾರ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸ್ಪೀಡೋಮೀಟರಿನ ಕಡ್ಡಿ ನಿಮಿಷಕ್ಕೆ 637 ಸುತ್ತು ತಿರುಗಬೇಕು. ಅಂದರೆ ಒಂದು ಕಿಲೋಮೀಟರಿಗೆ 637 ಸುತ್ತು, 2,548 ಪಲ್ಸ್. 60ರ ವೇಗದಲ್ಲಿ ಸೆಕೆಂಡಿಗೆ ಸುಮಾರು 42.5 ಪಲ್ಸ್. ಈ ಲೆಕ್ಕ ಒಣ ಲೆಕ್ಕವಲ್ಲ, ಕಾರಿನ ಅಡಿ ಕೂತಾಗ ಕೈಹಿಡಿಯುವ ಲೆಕ್ಕ.

ಬಹಳ ಜನಕ್ಕೆ ಗೊತ್ತಿಲ್ಲದ್ದು ಇದರ ಮುಂದಿನ ಹೆಜ್ಜೆ. ಸೆನ್ಸರಿನ ಪಲ್ಸ್ ಇಸಿಯುಗೆ ನೇರವಾಗಿ ಹೋಗುವುದಿಲ್ಲ. ಮೊದಲು ಡ್ಯಾಶ್‌ಬೋರ್ಡಿನ ಮೀಟರಿಗೆ ಹೋಗುತ್ತದೆ. ಮೀಟರಿನೊಳಗಿನ ಸರ್ಕ್ಯೂಟ್ ಆ ಪಲ್ಸಿನ ಅಂಚುಗಳನ್ನು ನೇರ್ಪುಗೊಳಿಸಿ, ಮುಳ್ಳನ್ನು ಏರಿಸಿ, ಓಡಿದ ದೂರ ಎಣಿಸುವ ಓಡೋಮೀಟರ್ ತಿರುಗಿಸಿ, ಆಮೇಲೆ ಬೇರೊಂದು ವೈರಿನಲ್ಲಿ ಇಸಿಯುಗೆ ಕಳಿಸುತ್ತದೆ. ಕ್ರೂಸ್ ಕಂಟ್ರೋಲಿನಂಥ ಬೇರೆ ಯೂನಿಟ್‌ಗಳೂ ಇದೇ ಸುದ್ದಿಗೆ ಕಾಯುತ್ತಿರುತ್ತವೆ. ಇಸಿಯು ಅದನ್ನು ನೋಡಿಕೊಂಡು ಕಾರು ನಿಧಾನಿಸುವಾಗ ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗ ಎಂಜಿನ್ ತಿರುಗುವ ವೇಗ, ಎಷ್ಟಿರಬೇಕು, ಇಂಧನ ಎಷ್ಟು ಬಿಡಬೇಕು ಎಂದು ತೀರ್ಮಾನಿಸುತ್ತದೆ. ಜಪಾನಿನ ಕಾರುಗಳಿಗಿರುವ ಗಂಟೆಗೆ 180 ಕಿ.ಮೀ.ನ ಮಿತಿಯನ್ನು ಜಾರಿಗೆ ತರುವುದೂ ಇದೇ ಸುದ್ದಿಯ ಮೇಲೆ. ಗೆಳೆಯನ ಎಂಜಿನ್ ಟ್ರಾಫಿಕ್ ಸಿಗ್ನಲ್ ಹತ್ತಿರ ಆಫ್ ಆಗುತ್ತಿದ್ದುದಕ್ಕೂ ಮುಳ್ಳು ಬೀಳುತ್ತಿದ್ದುದಕ್ಕೂ ನಂಟಿರುವುದು ಇಲ್ಲೇ.

ಹಾಗಾಗಿ ದಾರಿ ಹೀಗೆ: ಗೇರ್, ಸೆನ್ಸರ್, ವೈರು, ಮೀಟರ್, ಮತ್ತೆ ವೈರು, ಇಸಿಯು. ಕೋಡ್ ಬರುವುದು ಕೊನೆಯ ನಿಲ್ದಾಣದಿಂದ. ತಪ್ಪು ಯಾವ ನಿಲ್ದಾಣದಲ್ಲಾದರೂ ಇರಬಹುದು.

ಕೋಡ್ ಓದುವುದು, ಅದರಲ್ಲಿರುವ ಒಂದು ಬಲೆ

ಈಗಿನ ಕಾರುಗಳಿಗೆ ಚುಚ್ಚಿ ಕೋಡ್ ಓದುವ ಅಗ್ಗದ ಒಬಿಡಿ ಸ್ಕ್ಯಾನರ್ ಇಲ್ಲಿ ಕೆಲಸ ಮಾಡುವುದಿಲ್ಲ. ಅದು ಓದುವ ಒಬಿಡಿ-2 ಎಂಬ ಏಕರೂಪದ ವ್ಯವಸ್ಥೆ ಕಡ್ಡಾಯವಾದದ್ದು ಅಮೆರಿಕದಲ್ಲಿ ಮಾರುವ ಕಾರುಗಳಿಗೆ, ಅದೂ 1996ರಿಂದ. ಜಪಾನಿನ ಒಳಮಾರುಕಟ್ಟೆಯ 1994ರ ಟೊಯೋಟಾಗೆ ಬೇಕಾದದ್ದು ಒಂದು ತುಂಡು ವೈರು ಮಾತ್ರ. ಬಾನೆಟ್ಟಿನ ಅಡಿ ಮುಚ್ಚಳವಿರುವ ಒಂದು ಸಣ್ಣ ಡಯಾಗ್ನೋಸ್ಟಿಕ್ ಡಬ್ಬಿ ಇರುತ್ತದೆ. ಯಾವ ಕಿಂಡಿಗೆ ಯಾವ ಹೆಸರು ಎಂದು ಮುಚ್ಚಳದ ಒಳಗೇ ಬರೆದಿರುತ್ತದೆ. ಟಿಇ1 ಮತ್ತು ಇ1 ಕಿಂಡಿಗಳನ್ನು ವೈರಿನಿಂದ ಸೇರಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಬೇಕು. ಹೆಸರನ್ನು ಎರಡು ಸಲ ಓದಿಕೊಂಡು ಸೇರಿಸಿ, ಅದೇ ಡಬ್ಬಿಯಲ್ಲಿ ಬ್ಯಾಟರಿಯ ವೋಲ್ಟೇಜ್ ಇರುವ ಕಿಂಡಿಯೂ ಇದೆ.

ಆಗ ಚೆಕ್ ಎಂಜಿನ್ ದೀಪ ಮಿಣುಕುತ್ತದೆ. ಒಂದೇ ಸಮನೆ ಬೇಗ ಬೇಗ ಮಿಣುಕಿದರೆ ಯಾವ ದೂರೂ ಇಲ್ಲ. ನಾಲ್ಕು ಸಲ ಮಿಣುಕಿ, ತುಸು ತಡೆದು, ಎರಡು ಸಲ ಮಿಣುಕಿದರೆ 42, ಅಂದರೆ ವೇಗದ ಸಿಗ್ನಲ್. ನಿಸ್ಸಾನ್ ಸ್ಕೈಲೈನ್ ಆರ್32ರಲ್ಲಿ ಇದೇ ದೂರಿಗೆ ಕೋಡ್ 14. ಹೆಸರು ಬೇರೆ, ಹುಡುಕುವ ರೀತಿ ಒಂದೇ.

ಬಲೆ ಏನೆಂದರೆ, ಟೊಯೋಟಾದಲ್ಲಿ ಟಿಇ2 ಕಿಂಡಿ ಬಳಸಿ ಟೆಸ್ಟ್ ಮೋಡ್ ಎಂಬ ಇನ್ನೊಂದು ಪರೀಕ್ಷೆ ಇದೆ. ಅದರಲ್ಲಿ ಕಾರು ಗಂಟೆಗೆ 5 ಕಿ.ಮೀ. ದಾಟದೆ ನಿಂತೇ ಇದ್ದರೆ ಏನೂ ಕೆಡದಿದ್ದರೂ 42 ಬರುತ್ತದೆ. ನಿಂತ ಕಾರಿನಲ್ಲಿ ವೇಗದ ಸುದ್ದಿ ಇರುವುದಿಲ್ಲವಲ್ಲ. ಗೊತ್ತಿಲ್ಲದೆ ಈ ಪರೀಕ್ಷೆ ಮಾಡಿ ಸೆನ್ಸರ್ ಕೊಂಡರೆ ಆ ದುಡ್ಡು ಸುಮ್ಮನೆ ಹೋದಂತೆ. ಹಾಗೆಯೇ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿದರೆ ಅದು ಬೇರೆ ಕಥೆ. ಅದಕ್ಕೆ ಒಂದೊಂದು ಚಕ್ರದ ಹತ್ತಿರ ಎರಡು ವೈರಿನ ತನ್ನದೇ ಸೆನ್ಸರುಗಳಿವೆ, ಗೇರ್‌ಬಾಕ್ಸಿನ ಸೆನ್ಸರಿಗೂ ಅದಕ್ಕೂ ಸಂಬಂಧವಿಲ್ಲ.

ಮುಳ್ಳನ್ನು ಕೇಳಿ

ಒಂದೂ ನಟ್ಟು ಬಿಚ್ಚುವ ಮೊದಲು ಒಂದು ಪ್ರಶ್ನೆ: ಮುಳ್ಳು ಏನು ಮಾಡುತ್ತಿದೆ? ಅರ್ಧ ದಾರಿಯಲ್ಲಿ ಮೀಟರ್ ಕೂತಿರುವುದರಿಂದ ಈ ಪ್ರಶ್ನೆ ಹುಡುಕಾಟವನ್ನು ಎರಡು ಹೋಳು ಮಾಡುತ್ತದೆ.

ಮುಳ್ಳು ಸರಿಯಾಗಿ ಏರಿಳಿಯುತ್ತಿದೆ, ಆದರೂ 42 ಬರುತ್ತಿದೆ ಎಂದರೆ ಸುದ್ದಿ ಮೀಟರಿನವರೆಗೆ ಚೆನ್ನಾಗಿ ಬಂದಿದೆ. ಸೆನ್ಸರನ್ನು ಮುಟ್ಟುವ ಅಗತ್ಯವೇ ಇಲ್ಲ. ಮೀಟರಿನಿಂದ ಇಸಿಯುವರೆಗಿನ ತುಂಡನ್ನು ನೋಡಿದರೆ ಸಾಕು. ಮುಳ್ಳೂ ಸತ್ತಿದೆ, ಓಡೋಮೀಟರೂ ನಿಂತಿದೆ, 42 ಕೂಡ ಬರುತ್ತಿದೆ ಎಂದರೆ ತಪ್ಪು ಮೀಟರಿನಲ್ಲಿ ಅಥವಾ ಅದಕ್ಕಿಂತ ಹಿಂದೆ. ಮುಳ್ಳು ಕುಣಿಯುತ್ತಿದ್ದರೆ ಸಡಿಲ ಕನೆಕ್ಟರ್, ಹಲ್ಲು ಸವೆದ ಗೇರ್ ಅಥವಾ ಮೀಟರಿನ ಒಳಗೆ ಬಿರುಕು ಬಿಟ್ಟ ಬೆಸುಗೆಯ ಮೇಲೆ ಅನುಮಾನ ಪಡಬೇಕು. ಮೂವತ್ತು ವರ್ಷದ ಮೀಟರಿನಲ್ಲಿ ಬೆಸುಗೆ ಬಿರಿಯುವುದು ಅಪರೂಪವೇನಲ್ಲ. ಇನ್ನು ಮುಳ್ಳು ಬದುಕಿದೆ, ಆದರೆ ಯಾವಾಗಲೂ ಒಂದೇ ಪ್ರಮಾಣದಲ್ಲಿ ತಪ್ಪು ತೋರಿಸುತ್ತಿದೆ ಎಂದರೆ ಸೆನ್ಸರ್ ನಿರಪರಾಧಿ. ಟೈರಿನ ಅಳತೆ ಬದಲಾಗಿದೆ, ಗೇರ್ ಬದಲಾಗಿದೆ, ಅಥವಾ ಮಧ್ಯೆ ಯಾರೋ ಪಲ್ಸನ್ನು ಭಾಗಿಸುತ್ತಿದ್ದಾರೆ. ತಪ್ಪು 1.6 ಪಟ್ಟು ಇದ್ದರೆ ಅದು ಕಿಲೋಮೀಟರ್ ಮತ್ತು ಮೈಲಿಯ ಜಗಳವೇ.

ಗೆಳೆಯನ ಕಾರಿನಲ್ಲಿ ಮುಳ್ಳು ಬಿದ್ದ ಮೇಲೇ ದೀಪ ಹತ್ತುತ್ತಿತ್ತು. ಹಾಗಾದರೆ ಹಿಂದಿನ ಹೋಳು.

ಕಾರಿನ ಅಡಿ

ಸಪಾಟು ನೆಲ, ಮುಂದಿನ ಚಕ್ರಗಳಿಗೆ ಕಲ್ಲು, ಹಿಂದಿನ ಎರಡೂ ಚಕ್ರ ಮೇಲೆತ್ತಿ ಸ್ಟ್ಯಾಂಡಿನ ಮೇಲೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿ ಹೋಗಬೇಡಿ, ಐದು ನಿಮಿಷಕ್ಕೂ ಬೇಡ. ಗೇರ್ ನ್ಯೂಟ್ರಲ್ಲಿನಲ್ಲಿರಲಿ, ಇಗ್ನಿಷನ್ ಆನ್, ಎಂಜಿನ್ ಆಫ್. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು.

ಮೊದಲು ಸೆನ್ಸರಿನ ಕನೆಕ್ಟರ್ ಬಿಚ್ಚಿ, ವೈರಿಂಗ್ ಕಡೆಯ ಎರಡು ಪಿನ್ನುಗಳ ನಡುವೆ 12 ವೋಲ್ಟ್ ಬರುತ್ತಿದೆಯೇ ನೋಡಿದೆವು. ಬರುತ್ತಿತ್ತು. ಇದನ್ನು ನೋಡದೆಯೇ ಸೆನ್ಸರ್ ಬದಲಿಸುವವರು ಎಷ್ಟೋ ಜನ. ಅರ್ತ್ ವೈರಿನ ತುದಿ ತುಕ್ಕು ಹಿಡಿದಿದ್ದರೆ ಹೊಸ ಸೆನ್ಸರ್ ಕೂಡ ಮೂಕವಾಗಿಯೇ ಇರುತ್ತದೆ. ಕನೆಕ್ಟರಿನೊಳಗೆ ಗೇರ್ ಎಣ್ಣೆ ಸೋರಿ ತುಂಬಿದೆಯೇ ಅಂತಲೂ ಬೆರಳಾಡಿಸಿ ನೋಡಿ. ಸೆನ್ಸರಿನ ರಬ್ಬರ್ ಓ-ರಿಂಗ್ ಗಟ್ಟಿಯಾದರೆ ಎಣ್ಣೆ ಹೊರಗೆ ಬರುತ್ತದೆ.

ಕನೆಕ್ಟರ್ ಮತ್ತೆ ಸೇರಿಸಿ, ಹಿಂಬದಿಯಿಂದ ಸಿಗ್ನಲ್ ವೈರಿಗೆ ಮಲ್ಟಿಮೀಟರಿನ ಸೂಜಿ ತಾಗಿಸಿದೆವು. ನಾನು ಅಡಿಯಲ್ಲಿ ಮಲಗಿ ಓದುತ್ತಿದ್ದೆ, ಅವನು ಚಕ್ರ ತಿರುಗಿಸುತ್ತಿದ್ದ. ಹಿಂದಿನ ಟೈರ್ 255/40 ಆರ್17. ಅದರ ಸುತ್ತಳತೆ ಹತ್ತಿರ ಹತ್ತಿರ ಎರಡು ಮೀಟರ್. ಕಿಲೋಮೀಟರಿಗೆ 2,548 ಪಲ್ಸ್ ಎಂದಾದರೆ ಎರಡು ಮೀಟರಿಗೆ ಐದು. ಎರಡೂ ಚಕ್ರ ಒಂದೇ ದಿಕ್ಕಿಗೆ ಒಟ್ಟಿಗೆ ತಿರುಗಿದಾಗ ಒಂದು ಸುತ್ತಿಗೆ ಸುಮಾರು ಐದು ಸಲ ಅಂಕಿ ಏರಬೇಕು, ಐದು ಸಲ ಬೀಳಬೇಕು. "ನಿಧಾನ ತಿರುಗಿಸೋ" ಅಂದೆ. ಏರಿತು, ಬಿತ್ತು. ಬೆರಳು ಮಡಚಿ ಎಣಿಸಿದೆ. ಐದು. ಇನ್ನೊಂದು ಸುತ್ತು, ಮತ್ತೆ ಐದು. ಸೆನ್ಸರೂ ಗೇರೂ ಗಟ್ಟಿಮುಟ್ಟು.

ಇಲ್ಲಿ ಕೆಲವರು ಬಲ್ಬಿನ ಟೆಸ್ಟರ್ ಬಳಸುತ್ತಾರೆ. ಬೇಡ. ಬಲ್ಬು ಎಳೆಯುವ ಕರೆಂಟನ್ನು ಸೆನ್ಸರಿನೊಳಗಿನ ಸಣ್ಣ ಸರ್ಕ್ಯೂಟ್ ತಾಳದೆ ಸುಟ್ಟುಹೋಗಬಹುದು. ಕಾರು ಓಡುತ್ತಿರುವಾಗ ಮಲ್ಟಿಮೀಟರ್ ಕೂಡ ಮೋಸ ಮಾಡುತ್ತದೆ. ಪಲ್ಸ್ ಅಷ್ಟು ಬೇಗ ಬರುವಾಗ ಅದು ಸರಾಸರಿಯನ್ನು ಮಾತ್ರ ತೋರಿಸುತ್ತದೆ, ಏರಿಳಿತ ಕಾಣುವುದಿಲ್ಲ. ಆದ್ದರಿಂದಲೇ ಕೈಯಿಂದ, ನಿಧಾನವಾಗಿ.

ಡಬ್ಬಿಯಲ್ಲಿದ್ದ ಹಳೆಯ ಎರಡನ್ನೂ ಆಗಲೇ ನೋಡಿಬಿಡೋಣ ಅನ್ನಿಸಿತು. ಬ್ಯಾಟರಿಯಿಂದ 12 ವೋಲ್ಟ್ ಕೊಟ್ಟು, ಮಲ್ಟಿಮೀಟರಿನ ಸೂಜಿ ಹಿಡಿದು, ಕಡ್ಡಿಯನ್ನು ಬೆರಳಲ್ಲೇ ತಿರುಗಿಸಿದರೆ ಸುತ್ತಿಗೆ ನಾಲ್ಕು ಸಲ ಸೊನ್ನೆಯ ಹತ್ತಿರದಿಂದ 11 ವೋಲ್ಟಿನ ಮೇಲಕ್ಕೆ ಹೋಗಬೇಕು. ಎರಡೂ ಹೋದವು. ಗೆಳೆಯ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಮಧ್ಯದಲ್ಲಿ ಕೂತಿದ್ದವನು

ಮುಂದೆ ಡ್ಯಾಶ್‌ಬೋರ್ಡ್ ಬಿಚ್ಚಿ, ಮೀಟರಿನ ಹಿಂದಿನ ಕನೆಕ್ಟರಿನಲ್ಲಿ ಅದೇ ಪರೀಕ್ಷೆ. ತಣ್ಣಗಿದ್ದಾಗ ಪಲ್ಸ್ ಬರುತ್ತಿತ್ತು. ಆದರೆ ಚಕ್ರ ಒಂದು ಸುತ್ತು ಬಂದರೆ ಐದಲ್ಲ, ಮೂರು. ಇನ್ನೊಂದು ಸುತ್ತಿಗೆ ಮತ್ತೆ ಮೂರು. ದಾರಿಯಲ್ಲಿ ಎರಡು ಪಲ್ಸ್ ಕಾಣೆ.

ಆಗ ಹೊಳೆಯಿತು. ಇದು ತರಿಸಿದ ಕಾರು. ಬ್ರಿಟನ್ನಿನಲ್ಲಿ ವೇಗವನ್ನು ಮೈಲಿಯಲ್ಲಿ ತೋರಿಸಬೇಕು. ಅದಕ್ಕೆ ಸುಲಭದ ದಾರಿ ಎಂದರೆ ಸೆನ್ಸರ್ ಮತ್ತು ಮೀಟರಿನ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕನ್ವರ್ಟರ್ ಸೇರಿಸುವುದು. ಬಂದ ಪಲ್ಸನ್ನು ಅದು 1.609ರಿಂದ ಭಾಗಿಸಿ ಮುಂದೆ ಬಿಡುತ್ತದೆ. ಗಂಟೆಗೆ 60 ಮೈಲಿ ವೇಗದಲ್ಲಿ ಸೆನ್ಸರಿನಿಂದ ಸೆಕೆಂಡಿಗೆ 68 ಪಲ್ಸ್ ಹೊರಟರೆ ಮೀಟರಿಗೆ ತಲುಪುವುದು 42.5. ಜಪಾನಿನಲ್ಲಿ 60 ಕಿಲೋಮೀಟರಿಗೆಂದು ಬಿಡಿಸಿದ ಗೆರೆಯ ಮೇಲೇ ಮುಳ್ಳು ನಿಲ್ಲುತ್ತದೆ, ಈಗ ಅದನ್ನು ಮೈಲಿ ಎಂದು ಓದಿಕೊಂಡರಾಯಿತು. ಅದೇ ಕೈಗೆ ಓಡೋಮೀಟರ್ ಕೂಡ ಮೈಲಿ ಎಣಿಸತೊಡಗುತ್ತದೆ. ಮೊದಲ ಎಂಬತ್ತು ಸಾವಿರ ಕಿಲೋಮೀಟರ್, ಅದರ ಮೇಲೆ ಇಪ್ಪತ್ತು ಸಾವಿರ ಮೈಲಿ, ಎರಡೂ ಒಂದೇ ಅಂಕಿಯಲ್ಲಿ ಬೆರೆತುಹೋಗಿರುತ್ತವೆ. ಇಂಥ ಕಾರು ಕೊಳ್ಳುವವರು ಕನ್ವರ್ಟರ್ ಯಾವಾಗ ಹಾಕಿದ್ದು ಎಂದು ಕೇಳಿಯೇ ಕೊಳ್ಳಬೇಕು.

ಇಸಿಯುಗೆ ಸುದ್ದಿ ಹೋಗುವುದು ಮೀಟರಿನ ಮೂಲಕವಾದ್ದರಿಂದ ಅದಕ್ಕೂ ಈ ಭಾಗಿಸಿದ ವೇಗವೇ ಸಿಗುತ್ತದೆ. ಕಾರು ಗಂಟೆಗೆ 100 ಕಿ.ಮೀ. ಓಡುತ್ತಿದ್ದರೆ ಇಸಿಯು 62 ಅಂದುಕೊಳ್ಳುತ್ತದೆ. 180ರ ಮಿತಿ ತಾನಾಗಿಯೇ 290ಕ್ಕೆ ಜಾರುತ್ತದೆ. ಕೆಲವರು ಇದನ್ನು ಲಾಭ ಎಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಳೆಯ ಟೈರು, ಹಳೆಯ ಬ್ರೇಕು ಇರುವ ಗಾಡಿಯಲ್ಲಿ ಆ ಮಿತಿ ಸದ್ದಿಲ್ಲದೆ ಹೋಗಿರುವುದು ಮಾಲೀಕನಿಗೆ ಗೊತ್ತಿರಲೇಬೇಕು.

ಕನ್ವರ್ಟರ್ ಸಿಕ್ಕಿದ್ದು ಹೀಟರಿನ ಕೊಳವೆಗೆ ಒತ್ತಿ, ಕರಿ ಟೇಪ್ ಸುತ್ತಿದ ಗಂಟಿನೊಳಗೆ. ವಾಹನದ ವೈರಿಂಗ್ ನಕ್ಷೆಯಲ್ಲಿ ಅದಿಲ್ಲ, ಇರಲು ಸಾಧ್ಯವೂ ಇಲ್ಲ. ಟೇಪ್ ಅಂಟು ಬಿಟ್ಟು ಜಿನುಗುತ್ತಿತ್ತು. ವೈರುಗಳನ್ನು ಸೇರಿಸಿದ್ದು ಬೆಸುಗೆಯಿಂದಲ್ಲ, ಹಿಚುಕಿ ಮುಚ್ಚುವ ನೀಲಿ ಪ್ಲಾಸ್ಟಿಕ್ ಕ್ಲಿಪ್ಪಿನಿಂದ. ಇಂಥ ಕ್ಲಿಪ್ಪಿನೊಳಗೆ ಒಂದು ತಗಡಿನ ಅಲಗು ಇರುತ್ತದೆ, ಅದು ವೈರಿನ ಪ್ಲಾಸ್ಟಿಕ್ಕನ್ನು ಸೀಳಿ ತಾಮ್ರವನ್ನು ಮುಟ್ಟುತ್ತದೆ. ವೈರು ತೆಳುವಾಗಿದ್ದರೆ ತಾಮ್ರದ ಎಳೆಗಳನ್ನೂ ಕತ್ತರಿಸುತ್ತದೆ. ಕ್ಲಿಪ್ ಬಿಚ್ಚಿ ಟಾರ್ಚ್ ಹಿಡಿದರೆ ಸಿಗ್ನಲ್ ವೈರಿನಲ್ಲಿ ಉಳಿದದ್ದು ಮೂರು ಎಳೆ, ಅವೂ ಹಸಿರು ಕಿಲುಬು ಹಿಡಿದವು.

ಆದರೂ ತಕ್ಷಣ ಬೆಸುಗೆ ಹಾಕಬಾರದು. ಇದೇ ತಪ್ಪು ಎಂದು ಮೊದಲು ಸಾಬೀತಾಗಬೇಕು, ಇಲ್ಲದಿದ್ದರೆ ಮುಂದಿನ ವಾರ ಮತ್ತೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ. ಕ್ಲಿಪ್ಪನ್ನು ಇದ್ದ ಹಾಗೇ ಮತ್ತೆ ಮುಚ್ಚಿ, ಗೆಳೆಯನ ಹೆಂಡತಿಯ ಹೇರ್ ಡ್ರೈಯರ್ ತಂದು ಆ ಗಂಟಿನ ಮೇಲೆ ಬಿಸಿಗಾಳಿ ಬಿಟ್ಟೆವು. ಅವನು ಹಿಂದೆ ಚಕ್ರ ತಿರುಗಿಸುತ್ತಲೇ ಇದ್ದ. ಎರಡು ನಿಮಿಷ ಏನೂ ಆಗಲಿಲ್ಲ. ಮೂರನೆಯ ನಿಮಿಷಕ್ಕೆ ಮೀಟರಿನ ಕಡೆ ಏರಿಳಿತ ನಿಂತುಹೋಯಿತು, ಸೆನ್ಸರಿನ ಕಡೆ ಪಲ್ಸ್ ಇನ್ನೂ ಬರುತ್ತಿತ್ತು. ಗಂಟನ್ನು ಬೆರಳಲ್ಲಿ ತುಸು ಅಲುಗಿಸಿದೆ, ಮತ್ತೆ ಜೀವ ಬಂತು. ಮನೆಯಿಂದ ಹೊರಟು ಇಪ್ಪತ್ತು ನಿಮಿಷ ಏಕೆ ಎಂಬುದೂ ಬಗೆಹರಿಯಿತು. ಇಂಗ್ಲೆಂಡಿನ ಚಳಿಯಲ್ಲಿ ಹೀಟರ್ ಹಾಕಿಕೊಂಡು ಹೊರಟರೆ ಆ ಕೊಳವೆ ಚೆನ್ನಾಗಿ ಕಾಯಲು ಅಷ್ಟು ಹೊತ್ತು ಹಿಡಿಯುತ್ತಿತ್ತು. "ಬೇಸಿಗೇಲಿ ಇದರ ಕಾಟವೇ ಇರ್ಲಿಲ್ಲ, ನಾನು ಆ ಎರಡನೇ ಸೆನ್ಸರಿಂದ ಸರಿಹೋಯ್ತು ಅಂದ್ಕೊಂಡಿದ್ದೆ" ಅಂದ.

ಮುಳ್ಳು ಸರಿಯಿದ್ದು ಕೋಡ್ ಮಾತ್ರ ಬಂದಿದ್ದರೆ ನಾವು ಇಸಿಯು ಕಡೆ ನೋಡಬೇಕಾಗಿತ್ತು. ಅಲ್ಲಿಯ ವಿಷಯ ಚಿಕ್ಕದು. ಇಸಿಯು ತನ್ನ ವೈರಿಗೆ ತಾನೇ 5 ವೋಲ್ಟ್ ಕೊಟ್ಟು ಕಾಯುತ್ತದೆ, ಮೀಟರ್ ಅದನ್ನು ಮತ್ತೆ ಮತ್ತೆ ಸೊನ್ನೆಗೆ ಎಳೆಯುತ್ತದೆ. ಚಕ್ರ ತಿರುಗಿಸಿದರೂ 5 ವೋಲ್ಟ್ ಅಲ್ಲಾಡದೆ ನಿಂತಿದ್ದರೆ ಎಳೆಯುವವರು ಯಾರೂ ಇಲ್ಲ, ಅಂದರೆ ವೈರು ತುಂಡಾಗಿದೆ ಅಥವಾ ಮೀಟರ್ ಕಳಿಸುತ್ತಿಲ್ಲ. ಸೊನ್ನೆಯಲ್ಲೇ ನಿಂತಿದ್ದರೆ ವೈರು ಎಲ್ಲೋ ಅರ್ತ್ ತಾಗಿದೆ, ಅಥವಾ ಅದೇ ವೈರಿಗೆ ಸೇರಿಸಿದ ಬೇರೊಂದು ಯೂನಿಟ್ ಅದನ್ನು ಕೆಳಗೆ ಹಿಡಿದಿದೆ. ಆ ಯೂನಿಟ್‌ಗಳ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋದರೆ ಯಾರು ಹಿಡಿದಿದ್ದಾರೆಂದು ತಿಳಿಯುತ್ತದೆ. ಹಿಂದಿನ ಮಾಲೀಕ ಹಾಕಿಸಿದ ಅಲಾರಂ, ಟರ್ಬೊ ಟೈಮರ್ (ಕೀ ತೆಗೆದ ಮೇಲೂ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸುವ ಸಾಧನ), ಸ್ಟೀರಿಯೊ ಇವುಗಳನ್ನು ಮೊದಲು ಬಿಚ್ಚಿ ನೋಡಿ. ತರಿಸಿದ ಕಾರಿನಲ್ಲಿ ಕಾರ್ಖಾನೆಯ ವೈರಿಗಿಂತ ಆಮೇಲೆ ಸೇರಿಸಿದ ವೈರನ್ನೇ ನಾನು ಮೊದಲು ಶಂಕಿಸುವುದು.

ನಾವು ಕ್ಲಿಪ್ಪುಗಳನ್ನೆಲ್ಲ ಕತ್ತರಿಸಿ ತೆಗೆದೆವು. ಕಿಲುಬಿಲ್ಲದ ತಾಮ್ರ ಸಿಗುವವರೆಗೆ ವೈರನ್ನು ಹಿಂದಕ್ಕೆ ಸುಲಿದು, ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ, ಕನ್ವರ್ಟರನ್ನು ಹೀಟರಿನಿಂದ ದೂರ ಕಟ್ಟಿದೆವು. ಮುಂದೆ ಬಿಚ್ಚುವವರಿಗೆ ಗೊತ್ತಾಗಲಿ ಎಂದು ಅದರ ಮೇಲೆ ಒಂದು ಚೀಟಿ ಅಂಟಿಸಿದ. ಇಎಫ್‌ಐ (ಎಂಜಿನ್ನಿಗೆ ಇಂಧನ ಚಿಮ್ಮಿಸುವ ವ್ಯವಸ್ಥೆ) ಎಂದು ಬರೆದಿರುವ ಫ್ಯೂಸನ್ನು ಹತ್ತು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ತೆಗೆದಿಟ್ಟರೆ ನೆನಪಿನಲ್ಲಿದ್ದ ಕೋಡ್ ಅಳಿಸಿಹೋಗುತ್ತದೆ. ಅಳಿಸದೆ ಬಿಟ್ಟರೆ ಹಳೆಯ 42 ಅಲ್ಲೇ ಕೂತು ಮತ್ತೆ ದಾರಿ ತಪ್ಪಿಸುತ್ತದೆ.

ಸಂಜೆ ಹೀಟರ್ ಪೂರ್ತಿ ಹಾಕಿಕೊಂಡು ಮುಕ್ಕಾಲು ಗಂಟೆ ಓಡಿಸಿದೆವು. ಮೊಬೈಲಿನ ಜಿಪಿಎಸ್ 60 ಮೈಲಿ ತೋರಿಸಿದಾಗ ಮುಳ್ಳು 63ರ ಹತ್ತಿರ ಇತ್ತು. ಇನ್ನೂ ಏನೋ ಕೆಟ್ಟಿದೆಯೇ ಎಂದು ಗೆಳೆಯನಿಗೆ ಗಾಬರಿ. ಇಲ್ಲ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸಲು ನಿಯಮದಲ್ಲೇ ಅವಕಾಶವಿದೆ, ಕಡಿಮೆ ತೋರಿಸಲು ಇಲ್ಲ, ಅಂದೆ. ಮನೆ ತಲುಪಿ ಟಿಇ1, ಇ1 ಕಿಂಡಿಗಳಿಗೆ ವೈರು ಸಿಕ್ಕಿಸಿದಾಗ ದೀಪ ಒಂದೇ ಸಮನೆ ಬೇಗ ಬೇಗ ಮಿಣುಕಿತು.